ಶಾಲಾ ಶಿಸ್ತಿನಲ್ಲಿ ಸಮದೃಷ್ಟಿ

ಶಿಸ್ತಿಲ್ಲದ ಶಾಲೆ ಏರಿಯಿಲ್ಲದ ಕೆರೆಯಂತೆ ಎಂಬ ಮಾತನ್ನು ಯಾರೂ ಅಲ್ಲಗಳೆಯಲಾರರು. ಆದರೆ ಏರಿಯು ಒಂದೆಡೆ ಎತ್ತರವಾಗಿಯೂ ಮತ್ತೊಂದೆಡೆ ತಗ್ಗಾಗಿಯೂ ಇದ್ದರೆ ನೀರು ತಗ್ಗನ್ನೇ ಹುಡುಕಿಕೊಂಡು ಹರಿದುಹೋಗುತ್ತದೆ. ಶಾಲೆಯ ನಿಯಮಗಳೂ ಹಾಗೆಯೇ. ನಿಯಮವು ಕಠಿಣವಾಗಿದ್ದರೆ ಮಕ್ಕಳು ಸಹಿಸಿಯಾರು. ಅದು ಒಬ್ಬರಿಗೊಂದು, ಮತ್ತೊಬ್ಬರಿಗೊಂದು ಆದರೆ ಸಹಿಸಲಾರರು.

ಶಿಕ್ಷೆ, ಶಿಕ್ಷಣ, ಶಿಕ್ಷಕ ಎಂಬ ಮೂರು ಪದಗಳೂ ಒಂದೇ ಧಾತುವಿನಿಂದ ಹುಟ್ಟಿದವು. ಅದರ ಮೂಲಾರ್ಥ ಕಲಿಯುವುದು. ರೂಢಿಯಲ್ಲಿ ಶಿಕ್ಷೆ ಎಂದರೆ ಬೆತ್ತವೆಂದೇ ಆಗಿತ್ತು. 2010ರ ಏಪ್ರಿಲ್ 1ರಂದು ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯಿದೆಯ 17ನೆಯ ಪ್ರಕರಣವು ದೈಹಿಕ ದಂಡನೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. 16ನೆಯ ಪ್ರಕರಣದಂತೆ ಪ್ರಾಥಮಿಕ ಶಿಕ್ಷಣ ಮುಗಿಯುವವರೆಗೆ ಮಗುವನ್ನು ಶಾಲೆಯಿಂದ ಹೊರಹಾಕುವಂತಿಲ್ಲ. ಬೆತ್ತವು ಹೋದ ಮೇಲೆ ಉಪಾಧ್ಯಾಯರ ಕೈಯಲ್ಲಿ ಉಳಿದಿರುವ ಬಲವೆಂದರೆ ಅವರ ನ್ಯಾಯಪರತೆಯ ಮೇಲೆ ಮಕ್ಕಳಿಗಿರುವ ನಂಬಿಕೆ ಮಾತ್ರ.

ಸಮದೃಷ್ಟಿ ಎಂದರೆ ಎಲ್ಲರನ್ನೂ ಒಂದೇ ಕೋಲಿನಿಂದ ಅಳೆಯುವುದಲ್ಲ. ಕೆಂಗೇರಿಯ ಆಚೆಯಿಂದ ಎರಡು ಬಸ್ಸು ಬದಲಿಸಿ ರಾಜಾಜಿನಗರಕ್ಕೆ ಬರುವ ಬಾಲಕನೂ ಶಾಲೆಯ ಹಿಂದಿನ ಬೀದಿಯ ಬಾಲಕನೂ ಒಂದೇ ದಿನ ಹತ್ತು ನಿಮಿಷ ತಡವಾಗಿ ಬಂದರೆನ್ನೋಣ. ಇಬ್ಬರನ್ನೂ ಕೇಳಬೇಕಾದ ಪ್ರಶ್ನೆ ಒಂದೇ: ತಡವಾದುದೇಕೆ? ಉತ್ತರ ಬೇರೆಯಾದರೆ ಕ್ರಮವೂ ಬೇರೆಯಾಗಬಹುದು. ಒಬ್ಬನನ್ನು ಕೇಳಿ ಇನ್ನೊಬ್ಬನನ್ನು ಕೇಳದೆ ನಿಲ್ಲಿಸುವುದೇ ಅನ್ಯಾಯ. 1985ರಲ್ಲಿ ಕೇರಳದ ಒಂದು ಶಾಲೆಯು ರಾಷ್ಟ್ರಗೀತೆಯನ್ನು ಹಾಡಲಿಲ್ಲವೆಂದು ಮೂವರು ಮಕ್ಕಳನ್ನು ಹೊರಹಾಕಿತು. ಆ ಮಕ್ಕಳು ಗೌರವದಿಂದ ಎದ್ದು ನಿಂತಿದ್ದರು. ತಮ್ಮ ಧರ್ಮಶ್ರದ್ಧೆಯ ಕಾರಣ ಹಾಡಿರಲಿಲ್ಲ. 1986ರಲ್ಲಿ ಸರ್ವೋಚ್ಚ ನ್ಯಾಯಾಲಯವು ಅವರನ್ನು ಮರಳಿ ಸೇರಿಸಿಕೊಳ್ಳಬೇಕೆಂದು ತೀರ್ಪಿತ್ತಿತು. ಕಾರಣವನ್ನು ವಿಚಾರಿಸದ ಶಿಸ್ತು ಎಲ್ಲಿಗೆ ಮುಟ್ಟುತ್ತದೆ ಎಂಬುದಕ್ಕೆ ಇದು ನಿದರ್ಶನ.

ನಮ್ಮಂತಹ ಸಂಸ್ಥೆಗಳು ವಿಶೇಷವಾಗಿ ಯೋಚಿಸಬೇಕಾದ ಸಂಗತಿ ಮತ್ತೊಂದಿದೆ. ತಪ್ಪು ಮಾಡಿದವನ ಕೈಗೆ ಪೊರಕೆ ಕೊಡುವ ಪದ್ಧತಿ ಅನೇಕ ಕಡೆ ಬೆತ್ತಕ್ಕೆ ಬದಲಾಗಿ ಬಂದಿದೆ. ಶರಣೆ ಸತ್ಯಕ್ಕನು ಅಂಗಳ ಗುಡಿಸುವುದನ್ನೇ ಕಾಯಕವಾಗಿ ಕೈಗೊಂಡಿದ್ದಳೆಂಬುದನ್ನು ನಾವು ಮಕ್ಕಳಿಗೆ ಅಭಿಮಾನದಿಂದ ಬೋಧಿಸುತ್ತೇವೆ. ಅದೇ ಪೊರಕೆಯನ್ನು ದಂಡನೆಯಾಗಿ ಕೊಟ್ಟರೆ ಮಗು ಯಾವುದನ್ನು ನಂಬಬೇಕು? ಗುಡಿಸುವ ಕೆಲಸ ಹೀನವಾದುದೆಂಬ ಪಾಠವನ್ನೇ ಅದು ಕಲಿಯುತ್ತದೆ. 2023ರ ಡಿಸೆಂಬರಿನಲ್ಲಿ ಮಾಲೂರು ತಾಲ್ಲೂಕಿನ ವಸತಿ ಶಾಲೆಯೊಂದರಲ್ಲಿ ಮಕ್ಕಳನ್ನು ಶೌಚಗುಂಡಿಗೆ ಇಳಿಸಿದ ಸುದ್ದಿಯೂ, ಅದರ ಬೆನ್ನಲ್ಲೇ ನಮ್ಮ ಪಶ್ಚಿಮ ಬೆಂಗಳೂರಿನ ಅಂದ್ರಹಳ್ಳಿಯ ಸರ್ಕಾರಿ ಶಾಲೆಯಲ್ಲಿ ಮಕ್ಕಳಿಂದ ಶೌಚಾಲಯ ತೊಳೆಸಿದ ಸುದ್ದಿಯೂ ನಾಡನ್ನು ಕಲಕಿದವು. ಇಂತಹ ಕೆಲಸಕ್ಕೆ ಸಿಕ್ಕುವವರು ಬಹುಮಟ್ಟಿಗೆ ಕೇಳುವವರಿಲ್ಲದ ಮಕ್ಕಳೇ. ತರಗತಿಯನ್ನು ಗುಡಿಸುವುದು ಕರ್ತವ್ಯವೆಂದಾದರೆ ಅದು ಸರದಿಯಂತೆ ಎಲ್ಲರಿಗೂ ಬರಲಿ. ಉಪಾಧ್ಯಾಯರೂ ಅದರಲ್ಲಿ ಸೇರಲಿ. ಆಗ ಅದು ಕಾಯಕ. ಒಬ್ಬನಿಗೆ ಮಾತ್ರ ಬಂದರೆ ಅದು ಅವಮಾನ.

ಇದೇ ಮಾತು ದಾನಿಗಳಿಗೂ ಹಳೆಯ ವಿದ್ಯಾರ್ಥಿಗಳಿಗೂ ಅನ್ವಯಿಸುತ್ತದೆ. ದಾಸೋಹದ ಅನ್ನವನ್ನುಂಡು ಓದುವ ಬಾಲಕನೂ ಕಟ್ಟಡಕ್ಕೆ ಧನವಿತ್ತವರ ಮೊಮ್ಮಗನೂ ಒಂದೇ ತಪ್ಪು ಮಾಡಿದಾಗ, ಮುಖ್ಯೋಪಾಧ್ಯಾಯರ ಕೊಠಡಿಗೆ ಒಂದು ದೂರವಾಣಿ ಕರೆ ಬಂದರೆ ಸಾಕು, ವರ್ಷವಿಡೀ ಬೋಧಿಸಿದ ಸಮತೆ ಮಣ್ಣುಪಾಲಾಗುತ್ತದೆ. ಆ ಕರೆಯನ್ನು ಮಾಡದಿರುವುದೂ ಒಂದು ದೊಡ್ಡ ದಾನವೇ ಸರಿ.

ಆಚರಣೆಗೆ ಕೆಲವು ಸಂಗತಿಗಳು ಸಾಕು. ನಿಯಮಗಳು ಕೆಲವೇ ಇರಲಿ. ವರ್ಷಾರಂಭದಲ್ಲಿಯೇ ಮಕ್ಕಳಿಗೂ ಪೋಷಕರಿಗೂ ಕನ್ನಡದಲ್ಲಿ ತಿಳಿಸಲ್ಪಡಲಿ. ಕ್ರಮ ಕೈಗೊಳ್ಳುವ ಮೊದಲು ಮಗುವಿನ ಮಾತನ್ನು ಕೇಳಲಿ. ಒಬ್ಬನ ತಪ್ಪಿಗೆ ಇಡೀ ತರಗತಿಯನ್ನು ದಂಡಿಸದಿರಲಿ. ಯಾರಿಗೆ, ಯಾವ ಕಾರಣಕ್ಕೆ, ಯಾವ ಕ್ರಮವಾಯಿತೆಂಬುದನ್ನು ಒಂದು ಪುಸ್ತಕದಲ್ಲಿ ಬರೆದಿಟ್ಟು, ತಿಂಗಳಿಗೊಮ್ಮೆ ಉಪಾಧ್ಯಾಯರೆಲ್ಲರೂ ಕುಳಿತು ನೋಡಲಿ. ಒಂದೇ ಕೇರಿಯ, ಒಂದೇ ಬಗೆಯ ಮನೆಗಳ ಹೆಸರುಗಳೇ ಮತ್ತೆ ಮತ್ತೆ ಕಂಡರೆ, ಆ ಪುಸ್ತಕವು ಮಕ್ಕಳ ತಪ್ಪನ್ನಲ್ಲ, ನಮ್ಮ ತಪ್ಪನ್ನು ತೋರಿಸುತ್ತಿದೆ ಎಂದು ತಿಳಿಯಬೇಕು.

ಶಾಲೆ ಬಿಟ್ಟ ಮೇಲೆ ಮಕ್ಕಳು ಪಾಠಗಳನ್ನು ಮರೆಯಬಹುದು. ತಮಗೆ ನ್ಯಾಯ ದೊರೆತ ದಿನವನ್ನೂ ದೊರೆಯದ ದಿನವನ್ನೂ ಮರೆಯಲಾರರು.