ಹೊರದೇಶದ ಡೆಂಟಲ್ ಓದಿನಿಂದ ಊರಿನ ಕ್ಲಿನಿಕ್‌ಗೆ: ಒಂಬತ್ತು ಸೂತ್ರಗಳು

"ಇಲ್ಲೇ ಯಾವುದಾದರೂ ಕಾಲೇಜಿಗೆ ಎರಡನೇ ವರ್ಷಕ್ಕೆ ಸೇರಿಸಬಹುದಾ?" ಮಗಳನ್ನೋ ಮಗನನ್ನೋ ಜಾರ್ಜಿಯಾ, ರಷ್ಯಾ, ಫಿಲಿಪ್ಪೀನ್ಸ್ ಕಡೆಗೆ ಡೆಂಟಲ್ ಓದಲು ಕಳಿಸಿದ ಮನೆಗಳಲ್ಲಿ ಈ ಪ್ರಶ್ನೆ ಒಂದಲ್ಲ ಒಂದು ದಿನ ಏಳುತ್ತದೆ. ಅಲ್ಲಿನ ಚಳಿ ಒಗ್ಗದಿರಬಹುದು, ಡಾಲರ್ ಏರಿ ಶುಲ್ಕ ಕೈಮೀರಿರಬಹುದು, ಮನೆಯ ಹಿರಿಯರು ಹಾಸಿಗೆ ಹಿಡಿದಿರಬಹುದು. ಮರಳುವ ಆಸೆಯಲ್ಲಿ ತಪ್ಪೇನಿಲ್ಲ. ಆದರೆ ದಾರಿ ತಿಳಿಯದೆ ಹೊರಟರೆ ವರ್ಷವೂ ಹೋಗುತ್ತದೆ, ದುಡ್ಡೂ ಹೋಗುತ್ತದೆ. ಹೊರಡುವ ಮುನ್ನ ಈ ಒಂಬತ್ತು ಮಾತು ಮನಸ್ಸಿನಲ್ಲಿರಲಿ.

1. ಮೊದಲು ನಿಯಮ ಓದಿ

ಭಾರತೀಯ ದಂತ ಪರಿಷತ್ತಿನ 2007ರ ಬಿಡಿಎಸ್ ನಿಯಮಾವಳಿ ಕಾಲೇಜು ಬದಲಾವಣೆಯನ್ನು ವಿದ್ಯಾರ್ಥಿಯ ಹಕ್ಕೆಂದು ಒಪ್ಪುವುದಿಲ್ಲ. ದೇಶದೊಳಗೆ ಬದಲಾಯಿಸುವುದೇ ಕಷ್ಟ. ಎರಡೂ ಕಾಲೇಜುಗಳಿಗೆ ಪರಿಷತ್ತಿನ ಮಾನ್ಯತೆ ಇರಬೇಕು, ಮೊದಲ ವರ್ಷ ಪಾಸಾಗಿರಬೇಕು, ಫಲಿತಾಂಶ ಬಂದ ಒಂದು ತಿಂಗಳೊಳಗೆ ಅರ್ಜಿ ಹಾಕಬೇಕು. ಸೇರಿಸಿಕೊಳ್ಳುವುದು ಎರಡನೇ ವರ್ಷದ ಆರಂಭದಲ್ಲಿ ಮಾತ್ರ. ಅದಕ್ಕೂ ಪೋಷಕರ ಸಾವಿನಂಥ ಗಂಭೀರ ಕಾರಣ ಬೇಕು. ಹೊರದೇಶದ ಕಾಲೇಜಿನಿಂದ ನಡುವೆ ಬಂದು ಸೇರುವುದಕ್ಕೆ ಇದರಲ್ಲಿ ಜಾಗವೇ ಇಲ್ಲ. 2022ರಲ್ಲಿ ಉಕ್ರೇನ್ ಯುದ್ಧದಿಂದ ಜೀವ ಉಳಿಸಿಕೊಂಡು ಬಂದ ವೈದ್ಯಕೀಯ ವಿದ್ಯಾರ್ಥಿಗಳ ವಿಷಯದಲ್ಲಿಯೂ, ಇಲ್ಲಿನ ಕಾಲೇಜುಗಳಿಗೆ ಸೇರಿಸಲು ಕಾನೂನಿನಲ್ಲಿ ಅವಕಾಶವಿಲ್ಲ ಎಂದೇ ಕೇಂದ್ರ ಸರ್ಕಾರ ಸುಪ್ರೀಂ ಕೋರ್ಟಿಗೆ ಹೇಳಿತು. ಈ ಸತ್ಯವನ್ನು ಮೊದಲು ಒಪ್ಪಿಕೊಳ್ಳಿ. ಮುಂದಿನ ದಾರಿ ಅಲ್ಲಿಂದಲೇ ಶುರುವಾಗುತ್ತದೆ.

2. "ಸೀಟು ಮಾಡಿಸಿಕೊಡ್ತೀವಿ" ಎನ್ನುವವರಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ

ಡಿಪ್ಲೊಮಾ ಮುಗಿಸಿದವರು ನೇರ ಎರಡನೇ ವರ್ಷದ ಎಂಜಿನಿಯರಿಂಗ್ ಸೇರುವುದನ್ನು ನಾವೆಲ್ಲ ಕಂಡಿದ್ದೇವೆ. ಅದನ್ನೇ ತೋರಿಸಿ ಬಿಡಿಎಸ್‌ಗೂ ಲ್ಯಾಟರಲ್ ಎಂಟ್ರಿ ಇದೆಯೆಂದು ನಂಬಿಸುವ ಏಜೆಂಟರಿದ್ದಾರೆ. ಬಿಡಿಎಸ್‌ನಲ್ಲಿ ಅಂಥದ್ದಿಲ್ಲ. ನಾಲ್ಕು ವರ್ಷ ತರಗತಿಯಲ್ಲಿ ಕೂತರೂ ಪರಿಷತ್ತು ಒಪ್ಪದ ಪ್ರವೇಶಕ್ಕೆ ಕೊನೆಯಲ್ಲಿ ನೋಂದಣಿ ಸಿಗುವುದಿಲ್ಲ. ಯಾರೇ ಭರವಸೆ ಕೊಡಲಿ, ಪರಿಷತ್ತಿನ ಅನುಮತಿ ಪತ್ರ ತೋರಿಸಿ ಎನ್ನಿ. ಮಾತು ಅಲ್ಲಿಗೇ ನಿಲ್ಲುತ್ತದೆ.

3. ಬೆರಳು ಮಡಚಿ ವರ್ಷ ಎಣಿಸಿ

ಇಲ್ಲಿ ಬಿಡಿಎಸ್ ಎಂದರೆ ನಾಲ್ಕು ವರ್ಷ ಓದು, ಒಂದು ವರ್ಷ ಇಂಟರ್ನ್‌ಶಿಪ್, ಒಟ್ಟು ಐದು ವರ್ಷ. ನೀವು ಹೊರಗೆ ಮೊದಲ ವರ್ಷದಲ್ಲಿದ್ದು ಮನಸ್ಸು ನಿಲ್ಲುತ್ತಿಲ್ಲವೆಂದರೆ, ಈಗಲೇ ಮರಳಿ ಮೊದಲಿನಿಂದ ಶುರುಮಾಡುವುದು ಒಳ್ಳೆಯದು. ಕಳೆದುಕೊಳ್ಳುವುದು ಒಂದೆರಡು ವರ್ಷ ಮಾತ್ರ. ಮೂರನೇ ವರ್ಷ ದಾಟಿದ್ದರೆ ಮುಗಿಸಿಯೇ ಬನ್ನಿ. ಎರಡು ವರ್ಷದ ಕಷ್ಟ ತಪ್ಪಿಸಿಕೊಳ್ಳಲು ಇಲ್ಲಿ ಮತ್ತೆ ಐದು ವರ್ಷ ಕೊಡುವುದರಲ್ಲಿ ಅರ್ಥವಿಲ್ಲ. ಎರಡನೇ ವರ್ಷದಲ್ಲಿರುವವರು ಅಪ್ಪ ಅಮ್ಮನ ಜೊತೆ ಕೂತು, ಉಳಿದ ಶುಲ್ಕ, ಬ್ಯಾಂಕ್ ಸಾಲದ ಬಾಕಿ, ನಿಮ್ಮ ಆರೋಗ್ಯ ಮೂರನ್ನೂ ಒಂದೇ ಹಾಳೆಯಲ್ಲಿ ಬರೆದು ತೀರ್ಮಾನಿಸಿ. ಏನನ್ನೂ ಮುಚ್ಚಿಡಬೇಡಿ. ಮನೆಯವರಿಗೆ ಸೋಲಿಗಿಂತ ಸುಳ್ಳು ಹೆಚ್ಚು ನೋಯಿಸುತ್ತದೆ.

4. ಮೊದಲಿನಿಂದ ಶುರುಮಾಡುವುದಾದರೆ ನೀಟ್‌ನಿಂದಲೇ ಶುರು

ಹೊರಗೆ ಓದಿದ ಅನಾಟಮಿ, ಫಿಸಿಯಾಲಜಿ ಇಲ್ಲಿನ ಪ್ರವೇಶಕ್ಕೆ ಲೆಕ್ಕಕ್ಕೆ ಬರುವುದಿಲ್ಲ. ಹೊಸ ನೀಟ್ ಅಂಕ ಬೇಕು. ಕರ್ನಾಟಕದ ಸೀಟಿಗೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರದ (ಕೆಇಎ) ಕೌನ್ಸೆಲಿಂಗ್ ಇದೆ, ಅಖಿಲ ಭಾರತ ಕೋಟಾದ ಸೀಟಿಗೆ ಕೇಂದ್ರದ ವೈದ್ಯಕೀಯ ಕೌನ್ಸೆಲಿಂಗ್ ಸಮಿತಿಯ (ಎಂಸಿಸಿ) ಕೌನ್ಸೆಲಿಂಗ್. ಎರಡರ ದಿನಾಂಕವನ್ನೂ ಗಮನಿಸುತ್ತಿರಿ. ಬೆಂಗಳೂರಿನ ಸರ್ಕಾರಿ ದಂತ ವೈದ್ಯಕೀಯ ಕಾಲೇಜಿನ ಶುಲ್ಕ ಖಾಸಗಿ ಸೀಟಿನ ಶುಲ್ಕಕ್ಕಿಂತ ಎಷ್ಟೋ ಕಡಿಮೆ. ಒಂದು ವರ್ಷ ಗಟ್ಟಿಯಾಗಿ ಕೂತು ಓದಿದರೆ ಆ ಶ್ರಮ ಅಪ್ಪನ ಸಾಲವನ್ನು ಹಗುರ ಮಾಡುತ್ತದೆ.

5. ಕಾಗದಪತ್ರ ಹೊರಡುವ ದಿನವಲ್ಲ, ಇಂದೇ ಜೋಡಿಸಿ

ಮುಗಿಸಿಯೇ ಬರುವುದಾದರೆ, ಪ್ರತಿ ವರ್ಷದ ಅಂಕಪಟ್ಟಿ, ಪಠ್ಯಕ್ರಮದ ಪ್ರತಿ, ಹಾಜರಾತಿ, ಕ್ಲಿನಿಕಲ್ ತರಬೇತಿಯ ಗಂಟೆಗಳ ದಾಖಲೆ, ಪರಿಷತ್ತಿನಿಂದ ಅರ್ಹತಾ ಪ್ರಮಾಣಪತ್ರ ಪಡೆದಿದ್ದರೆ ಅದು, ಪಾಸ್‌ಪೋರ್ಟಿನ ವೀಸಾ ಪುಟಗಳು ಎಲ್ಲವೂ ಒಂದೇ ಫೈಲಿನಲ್ಲಿರಲಿ. ದಾಖಲೆ ದೃಢೀಕರಣದ ಹೇಗ್ ಒಪ್ಪಂದಕ್ಕೆ ಸೇರಿದ ದೇಶವಾದರೆ ಪದವಿಪತ್ರಕ್ಕೆ ಅಪೊಸ್ಟಿಲ್ ಮುದ್ರೆ ಹಾಕಿಸಿ. ಸೇರದ ದೇಶವಾದರೆ ಅಲ್ಲಿನ ಭಾರತೀಯ ರಾಯಭಾರ ಕಚೇರಿಯ ದೃಢೀಕರಣ ಪಡೆಯಿರಿ. ಊರಿಗೆ ಬಂದ ಮೇಲೆ ಸಾವಿರಾರು ಮೈಲಿ ಆಚೆಯ ಕಚೇರಿಯಿಂದ ಒಂದು ಸಹಿ ತರಿಸುವುದು ಪರೀಕ್ಷೆ ಪಾಸಾಗುವುದಕ್ಕಿಂತ ಕಷ್ಟ. ಹೆಸರಿನ ಅಕ್ಷರ ಎಲ್ಲ ಕಡೆ ಒಂದೇ ರೀತಿ ಇದೆಯೇ ಎಂದೂ ನೋಡಿಕೊಳ್ಳಿ.

6. ಸ್ಕ್ರೀನಿಂಗ್ ಪರೀಕ್ಷೆಗೆ ಮೊದಲ ವರ್ಷದಿಂದಲೇ ಓದಿ

ಹೊರದೇಶದ ಪದವಿ ಪಡೆದವರಿಗಾಗಿ ರಾಷ್ಟ್ರೀಯ ವೈದ್ಯಕೀಯ ವಿಜ್ಞಾನಗಳ ಪರೀಕ್ಷಾ ಮಂಡಳಿ (ಎನ್‌ಬಿಇಎಂಎಸ್) ಎಫ್‌ಡಿಎಸ್‌ಟಿ ಎಂಬ ಸ್ಕ್ರೀನಿಂಗ್ ಪರೀಕ್ಷೆ ನಡೆಸುತ್ತದೆ. ಪಾಸಾಗಲು ಶೇ 50 ಅಂಕ ಬೇಕು. ಕೊನೆಯ ವರ್ಷ ಓದಿದರಾಯಿತು ಎಂದುಕೊಂಡವರು ಎಡವುತ್ತಾರೆ. ಅಲ್ಲಿನ ಪಠ್ಯದ ಜೊತೆಗೆ ಇಲ್ಲಿನ ಬಿಡಿಎಸ್ ಪಠ್ಯಕ್ರಮವನ್ನೂ ಮೇಜಿನ ಮೇಲಿಟ್ಟುಕೊಳ್ಳಿ. ಡೆಂಟಲ್ ಮೆಟೀರಿಯಲ್ಸ್, ಓರಲ್ ಪೆಥಾಲಜಿ, ಪಬ್ಲಿಕ್ ಹೆಲ್ತ್ ಡೆಂಟಿಸ್ಟ್ರಿಯಂಥ ವಿಷಯಗಳು ಅಲ್ಲಿ ತೆಳುವಾಗಿದ್ದರೆ ಸ್ವಂತವಾಗಿ ಓದಿ ತುಂಬಿಕೊಳ್ಳಿ. ಇನ್ನೊಂದು ಮಾತು: 1948ರ ದಂತವೈದ್ಯರ ಕಾಯ್ದೆಯ ಜಾಗಕ್ಕೆಂದು ಸಂಸತ್ತು 2023ರಲ್ಲಿ ರಾಷ್ಟ್ರೀಯ ದಂತ ಆಯೋಗ ಕಾಯ್ದೆಯನ್ನು ಅಂಗೀಕರಿಸಿದೆ. ಅದರಲ್ಲಿ ನೆಕ್ಸ್ಟ್ ಎಂಬ ನಿರ್ಗಮನ ಪರೀಕ್ಷೆಯ ಪ್ರಸ್ತಾಪವಿದೆ. ಸೀನಿಯರ್ ಹೇಳಿದ ಹಳೆಯ ನಿಯಮವನ್ನು ನೆಚ್ಚದೆ, ಅರ್ಜಿ ಹಾಕುವ ವರ್ಷದ ಅಧಿಸೂಚನೆಯನ್ನೇ ಓದಿ.

7. ಕೈ ಪಳಗಿಸಿ

ದಂತವೈದ್ಯರಿಗೆ ತಲೆಯಷ್ಟೇ ಕೈಯೂ ಮುಖ್ಯ. ಇಲ್ಲಿನ ಕಾಲೇಜಿನ ಹುಡುಗರು ವ್ಯಾಕ್ಸ್‌ನಲ್ಲಿ ಹಲ್ಲು ಕೆತ್ತುತ್ತ, ಫ್ಯಾಂಟಮ್ ಹೆಡ್ ಎಂಬ ಗೊಂಬೆ ತಲೆಯ ಮೇಲೆ ಡ್ರಿಲ್ ಹಿಡಿಯುತ್ತ, ಆಮೇಲೆ ಹೊರರೋಗಿ ವಿಭಾಗದಲ್ಲಿ ನಿಗದಿಯಾದಷ್ಟು ಕೇಸು ಮುಗಿಸುತ್ತ ಕಲಿಯುತ್ತಾರೆ. ಹೊರಗೆ ಎಷ್ಟೋ ಕಡೆ ರೋಗಿ ಆಡುವುದು ಸ್ಥಳೀಯ ಭಾಷೆ. ಆ ಭಾಷೆ ಬಾರದವರು ಪ್ರೊಫೆಸರ್ ಹಿಂದೆ ನಿಂತು ನೋಡುವುದರಲ್ಲೇ ವರ್ಷ ಕಳೆಯುತ್ತಾರೆ. ಅಲ್ಲಿನ ಭಾಷೆ ಕಲಿಯಿರಿ, ಮುಂದೆ ಬಂದು ಕೆಲಸ ಕೇಳಿ, ಮಾಡಿದ್ದನ್ನು ಲಾಗ್‌ಬುಕ್‌ನಲ್ಲಿ ಬರೆದು ಸಹಿ ಹಾಕಿಸಿ. ಹಲ್ಲಿನ ಸಂಖ್ಯೆಯನ್ನೂ ಮತ್ತೆ ಮತ್ತೆ ಮನನ ಮಾಡಿ. ಅಮೆರಿಕದ ಪದ್ಧತಿಯಲ್ಲಿ 14 ಎಂದರೆ ಮೇಲ್ದವಡೆಯ ಎಡಗಡೆಯ ಮೊದಲ ದೊಡ್ಡ ದವಡೆ ಹಲ್ಲು. ಭಾರತದಲ್ಲಿ ಬಳಕೆಯಲ್ಲಿರುವ ಎಫ್‌ಡಿಐ ಪದ್ಧತಿಯಲ್ಲಿ ಅದೇ 14 ಬಲಗಡೆಯ ಚಿಕ್ಕ ದವಡೆ ಹಲ್ಲು. ಅಂಕಿ ಒಂದೇ, ಹಲ್ಲು ಬೇರೆ. ಇಲ್ಲಿ ತಪ್ಪಿದರೆ ಕೀಳುವುದು ಗಟ್ಟಿ ಹಲ್ಲನ್ನೇ.

8. ನಮ್ಮ ಜನರ ಬಾಯಿಯನ್ನೂ ಮಾತನ್ನೂ ಕಲಿಯಿರಿ

ಅಡಿಕೆ, ಗುಟ್ಕಾ ಜಗಿದು ಬಾಯಿ ತೆರೆಯಲಾಗದೆ ಬರುವ ಹುಡುಗರನ್ನು ಯುರೋಪಿನ ಕ್ಲಿನಿಕ್‌ನಲ್ಲಿ ನೀವು ನೋಡುವುದು ಅಪರೂಪ. ಸಬ್‌ಮ್ಯೂಕಸ್ ಫೈಬ್ರೋಸಿಸ್ ಎಂಬ ಈ ರೋಗ ಕ್ಯಾನ್ಸರಿಗೆ ತಿರುಗಬಲ್ಲದು. ಕೋಲಾರ, ಚಿಕ್ಕಬಳ್ಳಾಪುರ, ಪಾವಗಡದ ಕಡೆ ಕೊಳವೆಬಾವಿ ನೀರಿನ ಫ್ಲೋರೈಡ್‌ನಿಂದ ಮಕ್ಕಳ ಹಲ್ಲಿಗೆ ಕಂದು ಕಲೆ ಬಿದ್ದಿರುತ್ತದೆ. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದು. ರಜೆಗೆ ಬಂದಾಗ ಊರಿನ ಹಿರಿಯ ದಂತವೈದ್ಯರನ್ನು ಕೇಳಿಕೊಂಡು ಅವರ ಕ್ಲಿನಿಕ್‌ನಲ್ಲಿ ಕೂತು ನೋಡಿ. "ಹಲ್ಲು ಜುಂ ಅನ್ನುತ್ತೆ," "ಒಸಡಲ್ಲಿ ಕೀವು ತುಂಬಿದೆ," "ರಾತ್ರಿಯೆಲ್ಲ ಸಿಡೀತಿತ್ತು" ಎಂದು ಅಜ್ಜಿ ಹೇಳುವ ಮಾತಿನಲ್ಲೇ ಅರ್ಧ ರೋಗನಿರ್ಣಯ ಇರುತ್ತದೆ.

9. ನೋಂದಣಿ ಸಿಗುವವರೆಗೆ ಯಾರ ಬಾಯಿಗೂ ಕೈ ಹಾಕಬೇಡಿ

ಪದವಿ ಬಂತು, ಪರಿಚಯದವರ ಕ್ಲಿನಿಕ್ ಇದೆ, ಸುಮ್ಮನೆ ಕೂರುವುದೇಕೆ ಎಂದು ಅನ್ನಿಸುತ್ತದೆ. ಆದರೂ ತಡೆದುಕೊಳ್ಳಿ. ನೋಂದಣಿಯಿಲ್ಲದೆ ಚಿಕಿತ್ಸೆ ಕೊಡುವುದು ಅಪರಾಧ. ಇಂಟರ್ನ್‌ಶಿಪ್ ಇಲ್ಲಿ ಮಾಡಬೇಕೇ ಎಂಬುದನ್ನು ರಾಜ್ಯ ದಂತ ಪರಿಷತ್ತಿನಿಂದ ಬರಹದಲ್ಲಿಯೇ ಕೇಳಿ ಪಡೆಯಿರಿ. ಮುಂದೆ ಎಂಡಿಎಸ್ ಓದಬೇಕೆಂದರೂ ನೀಟ್ ಎಂಡಿಎಸ್ ಅರ್ಜಿಯಲ್ಲಿ ಮೊದಲು ಕೇಳುವುದು ನೋಂದಣಿ ಮತ್ತು ಇಂಟರ್ನ್‌ಶಿಪ್ ದಾಖಲೆಯನ್ನೇ.

ಕೊನೆಗೆ ಓದುವ ಮಕ್ಕಳಿಗೂ ಹೆತ್ತವರಿಗೂ ಒಂದೇ ಮಾತು. ನಡುದಾರಿಯಲ್ಲಿ ಕಾಲೇಜು ಬದಲಾಯಿಸುವ ಬಾಗಿಲು ಮುಚ್ಚಿದೆ. ತೆರೆದಿರುವುದು ಎರಡೇ: ಬೇಗ ಬಂದು ಹೊಸದಾಗಿ ಶುರುಮಾಡುವುದು, ಇಲ್ಲವೇ ಪೂರ್ತಿ ಮುಗಿಸಿ ಪರೀಕ್ಷೆ ಗೆದ್ದು ಬರುವುದು. ಎರಡೂ ಮರ್ಯಾದೆಯ ದಾರಿಗಳೇ. ಈ ವಾರವೇ ಮನೆಯವರ ಜೊತೆ ಕೂತು ಒಂದನ್ನು ಆರಿಸಿಕೊಳ್ಳಿ, ಆಮೇಲೆ ಹಿಂತಿರುಗಿ ನೋಡಬೇಡಿ.