ಕಿವುಡ, ಮೂಗ ಎಂಬ ಪದಗಳ ವಿಚಾರ

ಕೆಲವು ವರ್ಷಗಳ ಹಿಂದೆ ಗೃಹಸ್ಥರೊಬ್ಬರು ಏಳು ವಯಸ್ಸಿನ ಮಗನನ್ನು ನಮ್ಮ ಪಾಠಶಾಲೆಗೆ ಕರೆತಂದು, “ಗುರುಗಳೇ, ಇವನು ಮೂಗನು. ಅಕ್ಷರ ಹತ್ತಲಾರದು, ಆದರೂ ತಮ್ಮ ಪಾದದ ಬಳಿ ಕುಳಿತಿರಲಿ” ಎಂದರು. ನಾನೂ ಆ ಮಾತನ್ನೊಪ್ಪಿ ಬಾಲಕನನ್ನು ಹಿಂದಿನ ಸಾಲಿನಲ್ಲಿ ಕುಳ್ಳಿರಿಸಿದೆನು. ಒಂದು ದಿನ ಅವನು ಗೆಳೆಯರೊಡನೆ ಗಟ್ಟಿಯಾಗಿ ನಕ್ಕುದನ್ನು ಕೇಳಿದಾಗ ನನ್ನ ತಪ್ಪು ನನಗೆ ತಿಳಿಯಿತು. ಕಂಠವು ಚೆನ್ನಾಗಿಯೇ ಇತ್ತು. ಕಿವಿ ಕೇಳದುದರಿಂದ ಮಾತು ಬಂದಿರಲಿಲ್ಲ. ಒಂದು ಪದವನ್ನು ವಿಚಾರಿಸದೆ ಒಪ್ಪಿದುದರಿಂದ ಆ ಮಗುವಿನ ಒಂದು ವರ್ಷ ವ್ಯರ್ಥವಾಯಿತು. ಆದಕಾರಣ ಈ ಪದಗಳನ್ನು ಕೊಂಚ ವಿವೇಚಿಸೋಣ.

ಸಂಸ್ಕೃತದ ‘ಮೂಕ’ ಶಬ್ದದ ತದ್ಭವವೇ ನಮ್ಮ ‘ಮೂಗ’. ಉಸಿರಾಡುವ ಮೂಗಿಗೂ ಇದಕ್ಕೂ ಸಂಬಂಧವಿಲ್ಲ. ಮಾತಿಲ್ಲದವನೆಂದಷ್ಟೇ ಇದರ ಅರ್ಥ. ಕಿವಿ ಕೇಳದವನು ಸಂಸ್ಕೃತದಲ್ಲಿ ‘ಬಧಿರ’, ಕನ್ನಡದಲ್ಲಿ ‘ಕಿವುಡ’. ಉತ್ತರದ ಜಿಲ್ಲೆಗಳಲ್ಲಿ ‘ಕೆಪ್ಪ’ ಎಂಬುದೂ ರೂಢಿ. ಈ ಎರಡು ಸ್ಥಿತಿಗಳು ಬೇರೆ ಬೇರೆ. ಹುಟ್ಟುಗಿವುಡಾದ ಮಗುವಿನ ಧ್ವನ್ಯಂಗಗಳು ಸಾಮಾನ್ಯವಾಗಿ ಸರಿಯಾಗಿಯೇ ಇರುತ್ತವೆ. ಆಡುಮಾತು ಕಿವಿಯ ಮೂಲಕ ಕಲಿಯುವ ವಿದ್ಯೆಯಾದುದರಿಂದ ಅದು ತಾನಾಗಿ ಬರಲಾರದು. ಅಮರಕೋಶವು ‘ಏಡಮೂಕ’ನನ್ನು ನುಡಿಯಲೂ ಕೇಳಲೂ ಶಿಕ್ಷಣವಿಲ್ಲದವನೆಂದು ವಿವರಿಸಿರುವುದು ಮನನೀಯ. ಶಿಕ್ಷಣವಿಲ್ಲದವನಿಗೆ ಶಿಕ್ಷಣ ಕೊಡತಕ್ಕುದಲ್ಲವೇ?

ಶ್ರವಣದ ಕೊರತೆಯಲ್ಲಿಯೂ ತರತಮವುಂಟು. ಎರಡೂ ಕಿವಿಗಳಲ್ಲಿ ಮಾತಿನ ಧ್ವನಿಗೆ 60ರಿಂದ 70 ಡೆಸಿಬೆಲ್ ನಷ್ಟವುಳ್ಳವರನ್ನು ಮಂದಶ್ರವಣರೆಂದೂ, 70 ಡೆಸಿಬೆಲ್ ನಷ್ಟವುಳ್ಳವರನ್ನು ಕಿವುಡರೆಂದೂ 2016ರ ಅಂಗವಿಕಲರ ಹಕ್ಕುಗಳ ಅಧಿನಿಯಮವು ವಿಂಗಡಿಸಿದೆ. ಅನೇಕರಿಗೆ ಶ್ರವಣಯಂತ್ರವು ನೆರವಾಗುತ್ತದೆ. ಇನ್ನು ಕೈಸನ್ನೆಯಿಂದ ನುಡಿಯುವವರದೂ ಭಾಷೆಯೇ; ಅದಕ್ಕೆ ತನ್ನದೇ ಆದ ವ್ಯಾಕರಣವುಂಟು. ಕೈಯಿಂದ ನುಡಿಯಬಲ್ಲವನನ್ನು ಮೂಗನೆನ್ನುವುದು ಅವಿಚಾರ.

ಬಸವಣ್ಣನವರು ಒಂದು ವಚನದಲ್ಲಿ ಕಿವುಡುತನವನ್ನೇ ಬೇಡಿರುವರಲ್ಲ ಎಂದು ಕೆಲವರು ಕೇಳಬಹುದು. ಅನ್ಯವನ್ನು ಕೇಳಲೊಲ್ಲದ ಏಕನಿಷ್ಠೆಯನ್ನು ಅಲ್ಲಿ ಆ ಪದವು ಸೂಚಿಸುತ್ತದೆ. ಅದು ಅಂಗದ ನ್ಯೂನತೆಯನ್ನು ಹಳಿದ ಮಾತಲ್ಲ. ಹಳಿಯತಕ್ಕುದು ಜಾಣಗಿವುಡು. ಬಡವನ ಮೊರೆಯನ್ನು ಕೇಳಿಯೂ ಕೇಳದಂತಿರುವವನ ಕಿವಿಗೆ ಯಾವ ಯಂತ್ರವೂ ಇಲ್ಲ.

ತಾಯಂದಿರಿಗೆ ಇನ್ನೊಂದು ಸಂಶಯ: ಕಿವಿ ಕೇಳದ ಮಗುವಿಗೆ ದೀಕ್ಷೆಯು ಫಲಿಸುವುದೇ? ಗುರುವು ಮಂತ್ರವನ್ನು ಕಿವಿಯಲ್ಲಿ ಉಪದೇಶಿಸುವನೆಂಬುದು ನಿಜ. ಆದರೆ ಮಸ್ತಕದ ಮೇಲೆ ಹಸ್ತವನ್ನಿರಿಸುವುದೂ, ಕರತಲಕ್ಕೆ ಇಷ್ಟಲಿಂಗವನ್ನು ಅನುಗ್ರಹಿಸುವುದೂ ದೀಕ್ಷೆಯ ಅಂಗಗಳೇ. ಗುರುಕೃಪೆಗೆ ಕಿವಿಯೊಂದೇ ಬಾಗಿಲಲ್ಲ.

ಆದುದರಿಂದ ಸದ್ಭಕ್ತರಲ್ಲಿ ನನ್ನ ಬಿನ್ನಹವಿಷ್ಟೆ. ಶಿಶುವು ಸದ್ದಿಗೆ ತಿರುಗದಿದ್ದರೆ, ಮಾತು ತಡವಾದರೆ, ಮೂಗನೆಂದು ಹೆಸರಿಟ್ಟು ಸುಮ್ಮನಿರಬೇಡಿರಿ. ಮೊದಲು ಕಿವಿಯನ್ನು ಪರೀಕ್ಷೆ ಮಾಡಿಸಿರಿ. 1965ರಲ್ಲಿ ಮೈಸೂರಿನಲ್ಲಿ ಸ್ಥಾಪಿತವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯು ಇಂತಹ ಕಾರ್ಯಕ್ಕಾಗಿಯೇ ಇದೆ. ಮಗುವಿನೆದುರು ಮುಖ ಕಾಣುವಂತೆ ಕುಳಿತು ನಿಧಾನವಾಗಿ ಮಾತನಾಡಿರಿ. ಸನ್ನೆಯನ್ನು ಕಂಡು ನಗಬೇಡಿರಿ, ನೀವೂ ಕಲಿಯಿರಿ.

ಆ ಬಾಲಕನನ್ನು ಮುಂದಿನ ಸಾಲಿಗೆ ಕರೆದು, ಹಲಗೆಯ ಮೇಲೆ ಬರೆದು ಕಲಿಸತೊಡಗಿದೆನು. ವರುಷ ತುಂಬುವುದರೊಳಗೆ ಅವನು ತಂದೆತಾಯಿಗಳ ಹೆಸರನ್ನು ತಪ್ಪಿಲ್ಲದೆ ಬರೆದು ತೋರಿಸಿದನು. ಈಗ ಶಾಲೆಯಲ್ಲಿ ಅವನನ್ನು ಯಾರೂ ಮೂಗನೆನ್ನುವುದಿಲ್ಲ. ಅವನ ಹೆಸರಿನಿಂದಲೇ ಕರೆಯುತ್ತಾರೆ.