ಹೊತ್ತಿಸಿದ ಬಣವೆ, ಕಟ್ಟಿದ ಒಡ್ಡು

1854ನೆಯ ಇಸವಿ ಡಿಸೆಂಬರ್ 24ನೆಯ ದಿನ, ಸಂಜೆ ನಾಲ್ಕು ಗಂಟೆಯ ಸುಮಾರು. ಜಪಾನಿನ ಕೀ ಪರ್ಯಾಯದ್ವೀಪದ ಪಶ್ಚಿಮ ಕರಾವಳಿಯಲ್ಲಿರುವ ಹಿರೊ ಎಂಬ ಹಳ್ಳಿಯ ನೆಲ ಭಯಂಕರವಾಗಿ ನಡುಗಿತು. ಹಿಂದಿನ ದಿನವೂ ಒಂದು ಭೂಕಂಪವಾಗಿದ್ದಿತು. ಕಡಲಿನ ವರ್ತನೆ ವಿಚಿತ್ರವಾಗಿ ಕಂಡುದರಿಂದ ಊರವರು ಆ ರಾತ್ರಿಯನ್ನು ಎತ್ತರದಲ್ಲಿದ್ದ ದೇವಸ್ಥಾನದ ಬಳಿ ಕಳೆದು, ಏನೂ ಆಗಲಿಲ್ಲವೆಂದು ಬೆಳಗ್ಗೆ ಮನೆಗಳಿಗೆ ಮರಳಿದ್ದರು. ಈ ಸಲ ಹಾಗಾಗಲಿಲ್ಲ. ಕಂಪನ ನಿಂತ ಸ್ವಲ್ಪ ಹೊತ್ತಿನಲ್ಲಿಯೇ ಕಡಲು ಊರಿನೊಳಕ್ಕೆ ನುಗ್ಗಿತು.

ಆ ಊರಿನಲ್ಲಿ ಹಮಗುಚಿ ಗೊರ್ಯೊ ಎಂಬ ವರ್ತಕನಿದ್ದನು. ಸೋಯಾ ಸಾಸ್ ತಯಾರಿಸಿ ಮಾರುವುದು ಅವನ ಮನೆತನದ ಕಸುಬು, ವಯಸ್ಸು ಮೂವತ್ತನಾಲ್ಕು. ಜನರನ್ನು ದೇವಸ್ಥಾನದ ಕಡೆಗೆ ಓಡಿಸುತ್ತಿದ್ದ ಅವನೇ ನೀರಿನ ಸೆಳೆತಕ್ಕೆ ಸಿಕ್ಕಿ, ಹೇಗೋ ಒಂದು ದಿಣ್ಣೆಯನ್ನು ಸೇರಿ ಬದುಕಿಕೊಂಡನು. ಅಷ್ಟರಲ್ಲಿ ಕತ್ತಲು ಕವಿಯಿತು. ಕೆಳಗೆ ಇನ್ನೂ ಕೆಲವರು ಸಿಕ್ಕಿಬಿದ್ದಿದ್ದರು. ದೊಂದಿಗಳನ್ನು ಹಿಡಿದು ಹುಡುಕಹೊರಟರೆ, ಕೊಚ್ಚಿಬಂದ ತೊಲೆ ಜಂತೆಗಳು ದಾರಿಯನ್ನು ಕಟ್ಟಿದ್ದುವು. ಆಗ ಹಮಗುಚಿಯು ದಾರಿಯ ಬದಿಯ ಗದ್ದೆಗಳಲ್ಲಿದ್ದ ಬತ್ತದ ಹುಲ್ಲಿನ ಬಣವೆಗಳಿಗೆ ಬೆಂಕಿಯಿಡಿಸಿದನು. ಒಂದಲ್ಲ, ಎರಡಲ್ಲ, ಹತ್ತಕ್ಕಿಂತ ಹೆಚ್ಚು ಬಣವೆಗಳು ಹೊತ್ತಿ ಉರಿದುವು. ದಿಕ್ಕು ತಪ್ಪಿದ್ದವರು ಆ ಬೆಳಕನ್ನು ಗುರುತಾಗಿ ಹಿಡಿದು ಎತ್ತರವನ್ನು ಸೇರಿದರು. ಸ್ವಲ್ಪ ಸಮಯದಲ್ಲಿಯೇ ಹಿಂದಿನವುಗಳಿಗಿಂತಲೂ ದೊಡ್ಡದಾದ ಅಲೆಯೊಂದು ಬಂದು, ಉರಿಯುತ್ತಿದ್ದ ಬಣವೆಗಳನ್ನೇ ತೇಲಿಸಿಕೊಂಡು ಹೋಯಿತು.

ಈ ಪ್ರಸಂಗವನ್ನು ಲಾಫ್ಕಾಡಿಯೊ ಹರ್ನ್ ಎಂಬ ಲೇಖಕನು 1897ರಲ್ಲಿ ಇಂಗ್ಲಿಷಿನಲ್ಲಿ ಕಥೆಯಾಗಿ ಬರೆದನು. ಅವನ ಕಥೆಯಲ್ಲಿ ಹಮಗುಚಿಯು ಗುಡ್ಡದ ಮೇಲಿರುವ ಮುದುಕ. ಕೆಳಗಿನ ಜನರನ್ನು ಮೇಲಕ್ಕೆ ಕರೆಸುವುದಕ್ಕಾಗಿ ತನ್ನ ಪೈರಿಗೇ ಕಿಚ್ಚಿಡುತ್ತಾನೆ. ನಿಜವಾದ ಸಂಗತಿ ಕಥೆಗಿಂತ ಸರಳವಾದುದು. ಆದರೆ ಅದರ ಮುಂದಿನ ಭಾಗ ಕಥೆಗಿಂತಲೂ ದೊಡ್ಡದು. ಅದನ್ನು ಹೇಳುವುದಕ್ಕೆ ಮೊದಲು, ಆ ಅಲೆಯ ಸ್ವರೂಪವನ್ನು ತಿಳಿದುಕೊಳ್ಳುವುದು ಅವಶ್ಯ.

ಬಂದರಿನ ಅಲೆ

ಇಂಥ ಅಲೆಗೆ ಜಪಾನೀಯರು ಸುನಾಮಿ ಎಂದು ಹೆಸರಿಟ್ಟರು. ಮೊದಲ ಪದಕ್ಕೆ ಬಂದರು ಎಂದೂ, ಎರಡನೆಯದಕ್ಕೆ ಅಲೆ ಎಂದೂ ಅರ್ಥ. ನಡುಗಡಲಿನಲ್ಲಿ ಮೀನು ಹಿಡಿಯುತ್ತಿದ್ದವರಿಗೆ ಏನೂ ತಿಳಿಯುತ್ತಿರಲಿಲ್ಲ. ಹಿಂದಿರುಗಿ ಬಂದು ನೋಡಿದರೆ ಬಂದರು ಹಾಳಾಗಿರುತ್ತಿತ್ತು. ಹೆಸರಿನಲ್ಲಿಯೇ ಒಂದು ಸಮಸ್ಯೆ ಅಡಗಿದೆಯಲ್ಲವೆ? ದಡದಲ್ಲಿ ಮನೆಗಳನ್ನು ಕೆಡಹುವ ಅಲೆ ನಡುಗಡಲಿನಲ್ಲಿ ದೋಣಿಯನ್ನು ಏಕೆ ಅಲುಗಿಸುವುದಿಲ್ಲ?

ನಾವು ದಿನವೂ ಕಾಣುವ ಅಲೆಗಳು ಗಾಳಿಯಿಂದ ಹುಟ್ಟಿದವು. ಗಾಳಿಯು ಕದಡುವುದು ಮೇಲಿನ ನೀರನ್ನು ಮಾತ್ರ. ಕಡಲಡಿಯ ಭೂಕಂಪದಲ್ಲಿಯಾದರೋ ನೂರಾರು ಕಿಲೊಮೀಟರು ಉದ್ದದ ನೆಲವೇ ಕೆಲವು ಮೀಟರುಗಳಷ್ಟು ಮೇಲೇಳುತ್ತದೆ ಅಥವಾ ಕುಸಿಯುತ್ತದೆ. ಅದರೊಂದಿಗೆ ತಳದಿಂದ ಮೇಲಿನವರೆಗಿನ ನೀರೆಲ್ಲವೂ ಕದಲುತ್ತದೆ. ಹೀಗೆ ಹುಟ್ಟಿದ ಅಲೆಯ ಒಂದು ಏರಿನಿಂದ ಮತ್ತೊಂದು ಏರಿಗೆ ಇರುವ ದೂರ, ಅಂದರೆ ಅಲೆಯುದ್ದ, 200 ಕಿಲೊಮೀಟರು ಇರುವುದುಂಟು. ಎತ್ತರವೋ ಒಂದು ಮೀಟರಿಗೂ ಕಡಮೆ. 2004ರ ಡಿಸೆಂಬರ್ 26ರಂದು ಸುಮಾತ್ರದ ಬಳಿ ಭೂಕಂಪವಾದ ಸುಮಾರು ಎರಡು ಗಂಟೆಗಳ ತರುವಾಯ ಉಪಗ್ರಹವೊಂದು ಬಂಗಾಳ ಕೊಲ್ಲಿಯ ಮೇಲೆ ಹಾದುಹೋಗುತ್ತ ಆ ಅಲೆಯನ್ನು ಅಳೆಯಿತು: ಎತ್ತರ ಸುಮಾರು 60 ಸೆಂಟಿಮೀಟರು. ಇಷ್ಟು ನಿಧಾನವಾದ ಏರನ್ನು ಹಡಗಿನಲ್ಲಿರುವವನು ಗುರುತಿಸಲಾರನು.

ಮನೆಯಲ್ಲಿ ಒಂದು ಪ್ರಯೋಗ

ಈ ಅಲೆಯ ವೇಗವನ್ನು ವಾಚಕರು ಮನೆಯಲ್ಲಿಯೇ ಪರೀಕ್ಷಿಸಬಹುದು. ಸುಮಾರು 60 ಸೆಂಟಿಮೀಟರು ಉದ್ದದ, ಮಟ್ಟಸವಾದ ತಳವಿರುವ ತಗಡಿನ ತಟ್ಟೆಯೊಂದನ್ನು ಮೇಜಿನ ಮೇಲಿಟ್ಟು ಒಂದು ಸೆಂಟಿಮೀಟರು ಆಳಕ್ಕೆ ನೀರು ತುಂಬಿರಿ. ಒಂದು ತುದಿಯನ್ನು ಬೆರಳಗಲ ಎತ್ತಿ ತಟ್ಟನೆ ಇಳಿಸಿರಿ. ನೀರಿನ ಉಬ್ಬೊಂದು ಈ ತುದಿಯಿಂದ ಆ ತುದಿಗೆ ಓಡುತ್ತದೆ. ಅದಕ್ಕೆ ಎರಡು ಸೆಕೆಂಡುಗಳಷ್ಟು ಹೊತ್ತು ಹಿಡಿಯುವುದು. ಈಗ ನೀರಿನ ಆಳವನ್ನು ನಾಲ್ಕು ಸೆಂಟಿಮೀಟರಿಗೆ ಏರಿಸಿ ಪುನಃ ಹಾಗೆಯೇ ಮಾಡಿರಿ. ಉಬ್ಬು ಒಂದೇ ಸೆಕೆಂಡಿನಲ್ಲಿ ತುದಿ ಮುಟ್ಟುತ್ತದೆ. ಆಳ ನಾಲ್ಕು ಪಟ್ಟಾದಾಗ ವೇಗ ಎರಡು ಪಟ್ಟಾಯಿತು. ಅಂದರೆ ವೇಗವು ಆಳದ ವರ್ಗಮೂಲವನ್ನು ಅನುಸರಿಸುತ್ತದೆ. ಗುರುತ್ವದ ವೇಗೋತ್ಕರ್ಷವನ್ನು ನೀರಿನ ಆಳದಿಂದ ಗುಣಿಸಿ, ಬಂದ ಗುಣಲಬ್ಧದ ವರ್ಗಮೂಲವನ್ನು ತೆಗೆದರೆ ದೊರೆಯುವುದೇ ಅಲೆಯ ವೇಗ.

ತಟ್ಟೆಯ ನೀರಿಗೂ ಮಹಾಸಾಗರಕ್ಕೂ ಎಲ್ಲಿಯ ಹೋಲಿಕೆ ಎಂದು ಕೇಳಬಹುದು. ಹೋಲಿಕೆ ಇದೆ. 200 ಕಿಲೊಮೀಟರು ಉದ್ದದ ಅಲೆಗೆ 4 ಕಿಲೊಮೀಟರು ಆಳದ ಸಾಗರವು ತಟ್ಟೆಯ ತೆಳುನೀರಿನಂತೆಯೇ ಸರಿ. ಆದುದರಿಂದ ಸೂತ್ರ ಎರಡಕ್ಕೂ ಒಂದೇ. 4,000 ಮೀಟರು ಆಳದಲ್ಲಿ ಅಲೆಯ ವೇಗ ಸೆಕೆಂಡಿಗೆ 198 ಮೀಟರು, ಅಂದರೆ ಗಂಟೆಗೆ 700 ಕಿಲೊಮೀಟರಿಗೂ ಮಿಗಿಲು. ಇದು ವಿಮಾನದ ವೇಗ. 40 ಮೀಟರು ಆಳದಲ್ಲಿ ಅದು ಗಂಟೆಗೆ 71 ಕಿಲೊಮೀಟರಿಗೂ, 10 ಮೀಟರು ಆಳದಲ್ಲಿ 36 ಕಿಲೊಮೀಟರಿಗೂ ಇಳಿಯುತ್ತದೆ.

ದಡದ ಬಳಿ ಅಲೆ ಎತ್ತರವಾಗುವ ರಹಸ್ಯ ಇಲ್ಲಿಯೇ ಇದೆ. ಸಾಲಾಗಿ ಓಡುವ ಎತ್ತಿನ ಗಾಡಿಗಳಲ್ಲಿ ಮುಂದಿನದು ಮರಳಿನಲ್ಲಿ ನಿಧಾನವಾದರೆ ಹಿಂದಿನವು ಬಂದು ಒತ್ತಿಕೊಳ್ಳುತ್ತವೆ. ಅದರಂತೆಯೇ ಅಲೆಯ ಮುಂಭಾಗ ನಿಧಾನವಾದಂತೆ ಹಿಂಭಾಗದ ನೀರು ಒತ್ತಿಬಂದು, ಹೋಗಲು ಎಡೆಯಿಲ್ಲದೆ ಮೇಲೇರುತ್ತದೆ. 4,000 ಮೀಟರು ಆಳದಿಂದ 10 ಮೀಟರು ಆಳಕ್ಕೆ ಬರುವಷ್ಟರಲ್ಲಿ ಎತ್ತರ ನಾಲ್ಕೂವರೆ ಪಟ್ಟಾಗುವುದೆಂದು ಲೆಕ್ಕವು ತಿಳಿಸುತ್ತದೆ. ಕೊಲ್ಲಿಗಳ ಇಕ್ಕಟ್ಟಿನಲ್ಲಿ ಅದು ಇನ್ನೂ ಹೆಚ್ಚುತ್ತದೆ. ಹೀಗೆ ಬಂದ ನೀರು ಮಾಮೂಲು ಅಲೆಯಂತೆ ಕ್ಷಣದಲ್ಲಿ ಹಿಂದಿರುಗುವುದಿಲ್ಲ. ಪ್ರವಾಹದ ಹೊಳೆಯಂತೆ ಹಲವು ನಿಮಿಷಗಳ ಕಾಲ ಒಂದೇ ಸಮನೆ ಒಳನುಗ್ಗುತ್ತದೆ. ಸೆಕೆಂಡಿಗೆ 5 ಮೀಟರು ವೇಗದ ನೀರು ಎದುರಿನ ಗೋಡೆಯ ಪ್ರತಿ ಚದರ ಮೀಟರನ್ನೂ ಒಂದು ಟನ್ನಿಗಿಂತ ಹೆಚ್ಚಿನ ತೂಕದಷ್ಟು ಬಲದಿಂದ ಒತ್ತುತ್ತದೆ.

ಕಡಲು ಹಿಂದೆ ಸರಿಯುವುದೇಕೆ?

ಅಲೆಗೆ ಏರಿನಂತೆ ತಗ್ಗೂ ಉಂಟು. ತಗ್ಗು ಮೊದಲು ದಡವನ್ನು ಮುಟ್ಟಿದರೆ ಕಡಲು ಹಿಂಜರಿದು ತಳ ಬಯಲಾಗುತ್ತದೆ. 2004ರಲ್ಲಿ ಥಾಯ್ಲೆಂಡಿನ ಕಡೆಗೆ ಹೀಗಾಯಿತು. ಕುತೂಹಲದಿಂದ ಆ ಬಯಲಿಗೆ ಇಳಿದು ಹೋದವರು ಪ್ರಾಣ ತೆತ್ತರು. ಭಾರತ, ಶ್ರೀಲಂಕೆಗಳ ಕಡೆಗೆ ಏರೇ ಮೊದಲು ಬಂದಿತು. ಆದುದರಿಂದ ಕಡಲು ಹಿಂದೆ ಸರಿದರೆ ಅಪಾಯವೆಂದು ತಿಳಿಯತಕ್ಕದ್ದು; ಸರಿಯಲಿಲ್ಲವೆಂದು ಧೈರ್ಯಗೊಳ್ಳತಕ್ಕದ್ದಲ್ಲ. ಮೊದಲನೆಯ ಅಲೆಯೇ ಅತಿ ದೊಡ್ಡದೆಂಬ ನಿಯಮವೂ ಇಲ್ಲ. ಅಲೆಗಳು ಗಂಟೆಗಟ್ಟಲೆ ಬರುತ್ತಿರಬಹುದು. ಹಿರೊ ಹಳ್ಳಿಯ ಬಣವೆಗಳನ್ನು ಒಯ್ದುದು ತಡವಾಗಿ ಬಂದ ಅಲೆ ಎಂಬುದನ್ನು ವಾಚಕರು ನೆನೆಯಬಹುದು.

ನಾಲ್ಕು ವರ್ಷಗಳ ಕೆಲಸ

ನೀರು ಇಳಿದ ಮೇಲೆ ಹಿರೊ ಹಳ್ಳಿಯಲ್ಲಿ ಉಳಿದುದು ಮಣ್ಣು ಮತ್ತು ಮುರುಕು. ಹಮಗುಚಿಯು ಮೊದಲು ಅಕ್ಕಿಯನ್ನು ಸಾಲವಾಗಿ ತಂದು ಜನರ ಹಸಿವನ್ನು ನೀಗಿಸಿದನು. ಮನೆಗಳನ್ನು ಕಟ್ಟಿಸಿದನು, ರೈತರಿಗೆ ಉಪಕರಣಗಳನ್ನೂ ಬೆಸ್ತರಿಗೆ ದೋಣಿಗಳನ್ನೂ ಒದಗಿಸಿದನು. ಆದರೂ ಜನರ ಎದೆಯೊಳಗಿನ ಭಯ ಹೋಗಲಿಲ್ಲ. ಮತ್ತೆ ಅಲೆ ಬಂದರೇನು ಗತಿಯೆಂದು ಊರು ಬಿಟ್ಟುಹೋಗಲು ಹಲವರು ಯೋಚಿಸಿದರು.

ದಾನವೊಂದರಿಂದಲೇ ಊರು ನಿಲ್ಲದೆಂಬುದನ್ನು ಹಮಗುಚಿಯು ಕಂಡುಕೊಂಡನು. ತನ್ನ ಹಣದಿಂದ ಕಡಲಿಗೆ ಅಡ್ಡಲಾಗಿ ಒಂದು ಒಡ್ಡನ್ನು ಕಟ್ಟಿಸತೊಡಗಿದನು. ಕೆಲಸ ಮಾಡಿದವರು ಮನೆಮಾರುಗಳನ್ನು ಕಳೆದುಕೊಂಡಿದ್ದ ಊರವರೇ. ಕೂಲಿಯನ್ನು ಆಯಾ ದಿನವೇ ಕೊಡುವ ಏರ್ಪಾಡು. ಬಡವನಿಗೆ ಅನ್ನ ದೊರೆಯಿತು, ಊರಿಗೆ ಕಾವಲು ದೊರೆಯಿತು. ಯಾರೂ ಯಾರ ಮುಂದೆಯೂ ಕೈಯೊಡ್ಡಿ ನಿಲ್ಲಬೇಕಾಗಲಿಲ್ಲ. ಸುಮಾರು ನಾಲ್ಕು ವರ್ಷಗಳಲ್ಲಿ, 1858ರ ಹೊತ್ತಿಗೆ, ಸುಮಾರು 600 ಮೀಟರು ಉದ್ದದ, 5 ಮೀಟರು ಎತ್ತರದ ಮಣ್ಣಿನ ಒಡ್ಡು ಎದ್ದು ನಿಂತಿತು. ಕಡಲಿನ ಮಗ್ಗುಲಿಗೆ ಪೈನ್ ಮರಗಳನ್ನು ನೆಟ್ಟರು. ಕೃತಜ್ಞರಾದ ಜನರು ಹಮಗುಚಿಗೆ ಗುಡಿ ಕಟ್ಟಲು ಹೊರಟಾಗ ಅವನು ಒಪ್ಪಲಿಲ್ಲ. 1885ರಲ್ಲಿ ಅಮೆರಿಕದ ಪ್ರವಾಸದಲ್ಲಿದ್ದಾಗ ಅವನು ತೀರಿಕೊಂಡನು.

1946ರ ಡಿಸೆಂಬರ್ 21ರಂದು, ಎಂದರೆ 92 ವರ್ಷಗಳ ತರುವಾಯ, ಅದೇ ಕಡಲಡಿಯ ಬಿರುಕಿನಲ್ಲಿ ಮತ್ತೆ ದೊಡ್ಡ ಭೂಕಂಪವಾಗಿ ಹಿರೊ ಊರಿಗೆ ಸುನಾಮಿ ಬಂದಿತು. ಒಡ್ಡು ಅದನ್ನು ತಡೆಯಿತು. ಊರಿನ ಹೆಚ್ಚಿನ ಭಾಗ ಉಳಿಯಿತು. ಒಡ್ಡಿನ ರಕ್ಷಣೆಯಿಲ್ಲದಿದ್ದ ಕಡೆಗಳಲ್ಲಿ ಸಾವುಗಳಾದುವು. ಕಟ್ಟಿದವರಲ್ಲಿ ಆಗ ಬದುಕಿದ್ದವರು ಯಾರು? ತಾವು ಕಾಣದ ಮೊಮ್ಮಕ್ಕಳಿಗಾಗಿ ಅವರು ಮಣ್ಣು ಹೊತ್ತಿದ್ದರು. ಇಂದಿಗೂ ಪ್ರತಿ ನವೆಂಬರಿನಲ್ಲಿ ಆ ಊರಿನ ಮಕ್ಕಳು ಒಡ್ಡಿನ ಮೇಲೆ ಹಿಡಿ ಹಿಡಿ ಮಣ್ಣು ಹಾಕುವ ಆಚರಣೆ ನಡೆಯುತ್ತಿದೆ. ಹಳೆಯ ಜಪಾನೀ ಪಂಚಾಂಗದಂತೆ ಬಣವೆಗಳು ಉರಿದ ದಿನ ಹನ್ನೊಂದನೆಯ ತಿಂಗಳ ಐದನೆಯ ತಾರೀಖು. ಅದರ ನೆನಪಿಗಾಗಿಯೇ ವಿಶ್ವಸಂಸ್ಥೆಯು 2015ರಲ್ಲಿ ನವೆಂಬರ್ 5ನ್ನು ವಿಶ್ವ ಸುನಾಮಿ ಜಾಗೃತಿ ದಿನವೆಂದು ಸಾರಿತು.

ಒಡ್ಡಿಗಿಂತ ಮೊದಲು ನೆನಪು

ಒಡ್ಡನ್ನೇ ನಂಬಿ ಕೂಡಬಹುದೆ? 2011ರ ಮಾರ್ಚ್ 11ರಂದು ಜಪಾನಿನ ಈಶಾನ್ಯ ತೀರದ ತಾರೊ ಎಂಬ ಊರಿನ 10 ಮೀಟರು ಎತ್ತರದ ಗೋಡೆಗಳನ್ನು ಸುನಾಮಿಯು ಹತ್ತಿ ದಾಟಿತು. ಗೋಡೆಯು ಓಡಲು ಸಮಯವನ್ನು ಕೊಡುತ್ತದೆ, ಓಡುವವನು ಮನುಷ್ಯನೇ. ಇದಕ್ಕೆ ವಿರುದ್ಧವಾಗಿ, ಸುಮಾತ್ರದ ಬಳಿಯ ಸಿಮೆಲೂ ದ್ವೀಪದಲ್ಲಿ ಗೋಡೆಯೂ ಇರಲಿಲ್ಲ, ಯಂತ್ರವೂ ಇರಲಿಲ್ಲ. 1907ರಲ್ಲಿ ಅಲ್ಲಿ ಸುನಾಮಿ ಬಂದು ಅನೇಕರು ಸತ್ತಿದ್ದರು. ಅಂದಿನಿಂದ ಅಜ್ಜಿಯರು ಮೊಮ್ಮಕ್ಕಳಿಗೆ, ನೆಲ ಬಲವಾಗಿ ನಡುಗಿ ಕಡಲು ಹಿಂಜರಿದರೆ ಗುಡ್ಡಕ್ಕೆ ಓಡಬೇಕೆಂದು ಕಥೆಯಾಗಿ, ಜೋಗುಳವಾಗಿ ಹೇಳುತ್ತ ಬಂದರು. ಆ ಅಲೆಗೆ ಅವರ ನುಡಿಯಲ್ಲಿ ಸ್ಮೊಂಗ್ ಎಂದು ಹೆಸರು. 2004ರಲ್ಲಿ ಭೂಕಂಪದ ಕೇಂದ್ರಕ್ಕೆ ಅತಿ ಸಮೀಪವಿದ್ದ ಈ ದ್ವೀಪವನ್ನು ಅಲೆಯು ಸುಮಾರು ಹತ್ತು ನಿಮಿಷಗಳಲ್ಲಿ ಮುಟ್ಟಿತು. ಸುಮಾರು 78,000 ಜನರಲ್ಲಿ ಸತ್ತವರು ಏಳು ಮಂದಿ. ಅದೇ ಅಲೆ ನಮ್ಮ ತಮಿಳುನಾಡಿನ ತೀರಕ್ಕೆ ಬರಲು ಸುಮಾರು ಎರಡೂವರೆ ಗಂಟೆ ಹಿಡಿಯಿತು; ಅಲ್ಲಿ ಸಾವಿರಾರು ಜನ ಸತ್ತರು. ಹತ್ತು ನಿಮಿಷ ಸಾಕಾದುದೂ, ಎರಡೂವರೆ ಗಂಟೆ ಸಾಲದೆ ಹೋದುದೂ ಒಂದೇ ದಿನ.

ಅದರ ಪಾಠವಾಗಿ 2007ರಲ್ಲಿ ಹೈದರಾಬಾದಿನಲ್ಲಿ ಸುನಾಮಿ ಮುನ್ನೆಚ್ಚರಿಕೆ ಕೇಂದ್ರ ಆರಂಭವಾಯಿತು. ಪಶ್ಚಿಮ ಕರಾವಳಿಯವರಿಗೆ ಇದರ ಚಿಂತೆಯಿಲ್ಲವೆಂದು ತಿಳಿಯಬಾರದು. 1945ರ ನವೆಂಬರಿನಲ್ಲಿ ಮಕ್ರಾನ್ ತೀರದ ಬಳಿ ಕಡಲಡಿಯಲ್ಲಾದ ಭೂಕಂಪದ ಅಲೆ ಅರಬ್ಬೀ ಸಮುದ್ರವನ್ನು ದಾಟಿ ಮುಂಬಯಿಯನ್ನು ತಲಪಿದ್ದಿತು.

ಕಾಲೇಜಿನಲ್ಲಿ ಈ ಲೆಕ್ಕವನ್ನು ನಾನು ಪ್ರತಿವರ್ಷವೂ ಕರಿಹಲಗೆಯ ಮೇಲೆ ಬಿಡಿಸುತ್ತೇನೆ. ಒಂದು ವರ್ಷ ಕರಾವಳಿಯ ಹುಡುಗಿಯೊಬ್ಬಳು ಎದ್ದುನಿಂತು, "ಸಾರ್, ಹತ್ತು ನಿಮಿಷದಲ್ಲಿ ನಾನೇನೋ ಓಡಬಲ್ಲೆ. ನಮ್ಮ ಅಜ್ಜಿಗೆ ನಡೆಯಲಾಗುವುದಿಲ್ಲ. ಅವರನ್ನು ಯಾರು ಕರೆದುಕೊಂಡು ಹೋಗುತ್ತಾರೆ?" ಎಂದು ಕೇಳಿದಳು. ವರ್ಗಮೂಲದ ಸೂತ್ರದಲ್ಲಿ ಅದಕ್ಕೆ ಉತ್ತರವಿರಲಿಲ್ಲ. ನಾನು ಆ ದಿನ ಕಮಾಯಿಶಿ ಎಂಬ ಜಪಾನೀ ಪಟ್ಟಣದ ಸಂಗತಿಯನ್ನು ಹೇಳಿದೆ. 2011ರಲ್ಲಿ ಅಲ್ಲಿಯ ಒಂದು ಶಾಲೆಯ ದೊಡ್ಡ ಮಕ್ಕಳು ನೆಲ ನಡುಗಿದೊಡನೆಯೇ ಎತ್ತರಕ್ಕೆ ಓಡಿದರು. ಅವರನ್ನು ಕಂಡು ಪಕ್ಕದ ಪ್ರಾಥಮಿಕ ಶಾಲೆಯ ಮಕ್ಕಳೂ ಹೊರಟರು. ದೊಡ್ಡವರು ಚಿಕ್ಕವರ ಕೈ ಹಿಡಿದುಕೊಂಡರು. ಮೊದಲು ಸೇರಿದ ಜಾಗ ಸಾಲದೆಂದು ಕಂಡಾಗ ಇನ್ನೂ ಮೇಲಕ್ಕೆ ಹೋದರು. ಆ ಪಟ್ಟಣದ ಸುಮಾರು 3,000 ಶಾಲಾ ಮಕ್ಕಳಲ್ಲಿ ಬಹುತೇಕ ಎಲ್ಲರೂ ಉಳಿದರು. ಅವರಿಗೆ ಮೊದಲೇ ಅಭ್ಯಾಸ ಮಾಡಿಸಲಾಗಿದ್ದಿತು.

"ಹಾಗಾದರೆ ಮೊದಲೇ ಗೊತ್ತುಮಾಡಿಕೊಳ್ಳಬೇಕು" ಎಂದು ಹುಡುಗಿ ಕುಳಿತಳು. ಅದೇ ಸರಿಯಾದ ಉತ್ತರ. ಯಾವ ದಾರಿಯಲ್ಲಿ ಹೋಗುವುದು, ಎಷ್ಟು ಎತ್ತರಕ್ಕೆ ಹೋಗುವುದು, ಯಾರ ಅಜ್ಜಿಯನ್ನು ಯಾರು ಹೊತ್ತುಕೊಳ್ಳುವುದು ಎಂಬುದನ್ನು ಕಡಲು ಶಾಂತವಾಗಿರುವ ದಿನವೇ ಕುಳಿತು ಗೊತ್ತುಮಾಡತಕ್ಕದ್ದು. ಅಲೆ ಎಷ್ಟು ಹೊತ್ತಿಗೆ ಬರುವುದೆಂಬುದನ್ನು ಶಾಸ್ತ್ರವು ಹೇಳಬಲ್ಲದು. ಆ ಹೊತ್ತಿನೊಳಗೆ ಬಣವೆಗೆ ಬೆಂಕಿ ಹಚ್ಚುವ ಕೈ ಊರಿನಲ್ಲಿಯೇ ಇರಬೇಕು.